ಮುಂಬಾಗಿಲ ಬೀಗದ ಕೈ

ಮೊನ್ನೆ ಇಂಗಿನ ಡಬ್ಬಿಯೊಳಗೆ ನಮ್ಮ ಮನೆಯ ಮುಂಬಾಗಿಲ ಬೀಗದ ಕೈ ಸಿಕ್ಕಿತು. ಬಳಸುತ್ತಿದ್ದ ಡಬ್ಬಿ ಮುಗಿದಿತ್ತು. ಹಳೆಯದರಲ್ಲಿ ಚೂರುಪಾರು ಉಳಿದಿರಬಹುದೆಂದು ಕಪಾಟಿನ ಹಿಂಬದಿಯಿಂದ ಎಳೆದು ಅಲ್ಲಾಡಿಸಿದರೆ ಗಡಗಡ ಎಂದಿತು. ಇಂಗು ಕಲ್ಲಾಗಿದೆ ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಬೀಗದ ಕೈ. ಮನೆ ಕೊಡಿಸಿದ ಟ್ರೇಸಿ ಎಂಬಾಕೆ ಅದಕ್ಕೆ ಕಟ್ಟಿದ್ದ ನೀಲಿ ರಿಬ್ಬನ್ ಕೂಡ ಹಾಗೇ ಇತ್ತು. ಎಣ್ಣೆ ಕಾಯುತ್ತಿರುವುದನ್ನು ಮರೆತು ಅದನ್ನೇ ನೋಡುತ್ತ ನಿಂತೆ. ಒಗ್ಗರಣೆ ಕರಕಲಾಯಿತು. ಆವತ್ತು ನಮ್ಮ ಮನೆಯ ಸಾರಿಗೆ ಇಂಗೂ ಇಲ್ಲ, ಒಗ್ಗರಣೆಯೂ ಇಲ್ಲ.

ನಮ್ಮ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುವವಳು ನಾನು. ಯಜಮಾನರ ಪಾಸ್‌ಪೋರ್ಟು, ಮಗಳ ಹಾಲುಹಲ್ಲು, ಊರಿಂದ ಬರುವಾಗ ತಂದ ಗಂಧದ ಕೊರಡು, ಹೋದ ಗೌರಿ ಹಬ್ಬದಲ್ಲಿ ಉಳಿದ ಹಸಿರು ಬಳೆ, ಎಲ್ಲವೂ ನನ್ನ ತಲೆಯಲ್ಲಿ ಕಪಾಟಿನಲ್ಲಿಟ್ಟಂತೆ ಜೋಡಣೆಯಾಗಿವೆ. ಅಂಥವಳ ಕೈಯಿಂದಲೇ ಈ ಬೀಗದ ಕೈ ಕಳೆದಿತ್ತು. ಕಳೆದದ್ದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಕಳೆದಿದೆ ಎಂದು ಗೊತ್ತಾಗುವುದಕ್ಕೇ ತಿಂಗಳುಗಳು ಹಿಡಿದವು. ಮನೆಯ ಮುಂಬಾಗಿಲನ್ನು ಯಾರೂ ತೆಗೆಯದಿದ್ದರೆ ಅದರ ಬೀಗದ ಕೈ ಇದ್ದರೇನು, ಇಂಗಿನ ಡಬ್ಬಿ ಸೇರಿದರೇನು?

ಮೈಸೂರಿನಲ್ಲಿ ನಾನು ಬೆಳೆದ ಮನೆಗೂ ಮುಂಬಾಗಿಲು ಇತ್ತು. ಆದರೆ ಅದು ಮುಚ್ಚಿದ್ದನ್ನು ಕಂಡವರು ಕಡಿಮೆ. ಬೆಳಿಗ್ಗೆ ಹಾಲಿನವನ ಗಂಟೆಗೆ ತೆರೆದರೆ ರಾತ್ರಿ ಅಪ್ಪ ವಾರ್ತೆ ಕೇಳಿ ಆಕಳಿಸುವವರೆಗೆ ತೆರೆದೇ ಇರುತ್ತಿತ್ತು. ಕರಿಬೇವಿನವಳು, ವಿಮೆಯ ಕಂತಿಗೆ ಬರುವ ರಾಯರು, ಕಾಫಿಪುಡಿ ಸಾಲ ಕೇಳುವ ಪಕ್ಕದ ಮನೆಯ ಕಮಲತ್ತೆ, ಮಳೆ ಬಂದರೆ ನಿಲ್ಲಲು ನುಗ್ಗುವ ಅಪರಿಚಿತರು, ಯಾರೂ ಬಾಗಿಲು ತಟ್ಟಿದ್ದು ನನಗೆ ನೆನಪಿಲ್ಲ. ಒಮ್ಮೆ ನಂಜನಗೂಡಿನ ಮದುವೆಗೆ ಮನೆಮಂದಿಯೆಲ್ಲ ಹೊರಟೆವು. ಬಾಗಿಲಿಗೆ ಹಾಕಲು ಬೀಗ ಹುಡುಕಿದರೆ ಮನೆಯಲ್ಲಿ ಬೀಗವೇ ಇರಲಿಲ್ಲ.

"ಬೀಗ ಯಾಕ್ರೀ? ನಾವು ಸತ್ತೋಗಿದೀವಾ?" ಎಂದು ಕಮಲತ್ತೆ ಗದರಿ ನಮ್ಮನ್ನು ಬಸ್ಸು ಹತ್ತಿಸಿದರು. ಸಂಜೆ ವಾಪಸು ಬಂದಾಗ ನಮ್ಮದೇ ನಡುಮನೆಯಲ್ಲಿ ಶಿವಮೊಗ್ಗದಿಂದ ಬಂದ ದೊಡ್ಡಪ್ಪ ದೊಡ್ಡಮ್ಮ ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಿದ್ದರು. ಕಮಲತ್ತೆ ನಮ್ಮದೇ ಅಡಿಗೆಮನೆಯಲ್ಲಿ, ನಮ್ಮದೇ ಅಕ್ಕಿಯಲ್ಲಿ ಅವರಿಗೆ ಅಡಿಗೆ ಮಾಡಿ ಬಡಿಸಿದ್ದರು. "ಬನ್ನಿ ಬನ್ನಿ, ಕೈಕಾಲು ತೊಳ್ಕೊಳಿ" ಎಂದು ನಮ್ಮನ್ನೇ ಉಪಚರಿಸಿದರು. "ಹೊಸಿಲಿಗೆ ಬಂದವರನ್ನ ಹೊಸಿಲಲ್ಲೇ ನಿಲ್ಲಿಸಿದ್ರೆ ಮನೆಗೆ ಒಳ್ಳೇದಲ್ಲ ಕಣೆ" ಎಂಬುದು ನಮ್ಮಮ್ಮ ನನಗೆ ಕೊಟ್ಟ ಏಕೈಕ ವಾಸ್ತು ಸಲಹೆ. ಅಂದಹಾಗೆ, ಆ ಮನೆಯ ಬಾಗಿಲು ದಕ್ಷಿಣಕ್ಕಿತ್ತು. ಎದುರಿಗೆ ಮುನಿಸಿಪಾಲಿಟಿಯ ಚರಂಡಿ. ಅಪ್ಪ ಅಲ್ಲಿಯೇ ಎಂಬತ್ತು ದಾಟುವವರೆಗೆ ಗಟ್ಟಿಯಾಗಿ ಬದುಕಿದರು. ಅದು ದಕ್ಷಿಣ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಪಾಪ.

ಇಂಥ ಮನೆಯಿಂದ ಹೊರಟ ನಾನು ನಲವತ್ತು ದಾಟಿದ ಮೇಲೆ ಗಂಡನ ಬ್ಯಾಂಕಿನ ಕೆಲಸದ ಹಿಂದೆ ಅಮೆರಿಕದ ಷಾರ್ಲೆಟ್ಟಿಗೆ ಬಂದಿಳಿದೆ. ಇಸವಿ ಎರಡು ಸಾವಿರದ ಇಪ್ಪತ್ತು. ಬಂದ ತಿಂಗಳಿಗೇ ಊರಿಗೆ ಊರೇ ಬಾಗಿಲು ಹಾಕಿಕೊಂಡಿತು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಎದುರಿಗೆ ಬಂದವರು ಹುಲ್ಲಿಗಿಳಿದು ದೂರ ಸರಿದು ಹೋಗುವರು. ಕೊರೋನಾ, ಅದಕ್ಕೇ ಹೀಗೆ ಎಂದು ಸಮಾಧಾನ ಮಾಡಿಕೊಂಡೆ. ಒಂದೆರಡು ವರ್ಷಕ್ಕೆ ಕೊರೋನಾ ಹೋಯಿತು. ಬಾಗಿಲುಗಳು ಹಾಗೇ ಇದ್ದವು.

ಅಷ್ಟರಲ್ಲಿ ನಾವೂ ಒಂದು ಬಾಗಿಲು ಕೊಳ್ಳುವ ಉಮೇದಿಗೆ ಬಿದ್ದೆವು. ಮನೆ ಕೊಳ್ಳುವುದು ಎನ್ನದೆ ಬಾಗಿಲು ಕೊಳ್ಳುವುದು ಎಂದೆನಲ್ಲ, ಬೇಕೆಂದೇ ಅಂದೆ. ವೀಸಾ ಮೂರು ವರ್ಷಕ್ಕೆ, ಸಾಲ ಮೂವತ್ತು ವರ್ಷಕ್ಕೆ. ಇವೆರಡರ ಅಂತರವನ್ನು ಪೂರ್ವ ದಿಕ್ಕು ತುಂಬಿಕೊಡುತ್ತದೆ ಎಂದು ನಮ್ಮ ಯಜಮಾನರು ಶ್ರೀಧರ ಅವರ ನಂಬಿಕೆ. ಕಂಪ್ಯೂಟರಿನಲ್ಲಿ ಒಂದಕ್ಷರ ತಪ್ಪಿದ್ದರೂ ಪುರಾವೆ ಕೇಳುವ ಮನುಷ್ಯ, ಪೂರ್ವದ ಬಾಗಿಲಿಗೆ ಮಾತ್ರ ಪುರಾವೆ ಕೇಳಲಿಲ್ಲ. ಆ ದಿನಗಳಲ್ಲಿ ಮನೆಗಳು ಬಿಸಿ ಬೋಂಡದಂತೆ ಹೋಗುತ್ತಿದ್ದವು. ಬೇರೆಯವರು ಒಳಗೆ ಹೋಗಿ ಸೂರು ಸೋರುತ್ತದೆಯೇ, ಮರ ಗೆದ್ದಲು ಹಿಡಿದಿದೆಯೇ ಎಂದು ನೋಡುತ್ತಿದ್ದರೆ ನಾವು ಅಂಗಳದಲ್ಲಿ ಫೋನನ್ನು ಅಂಗೈಯಲ್ಲಿ ಆರತಿ ತಟ್ಟೆಯಂತೆ ಹಿಡಿದು ಸುತ್ತುತ್ತಿದ್ದೆವು. ಫೋನಿನೊಳಗಿನ ದಿಕ್ಸೂಚಿ ಒಂದಿಷ್ಟು ವಾಲಿದರೂ, "ಇದು ಪ್ಯೂರ್ ಈಸ್ಟ್ ಅಲ್ಲ, ನಡಿ" ಎಂದು ಇವರು ಕಾರು ಹತ್ತುವರು.

ಟ್ರೇಸಿ ಈ ನೆಲದ ಹೆಣ್ಣು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವಳು. ಊರಿನ ಬ್ಯಾಲಂಟೈನ್ ಬಡಾವಣೆಯ ಕಡೆ ನಮ್ಮವರಿಗೆ ಮನೆ ತೋರಿಸಿ ತೋರಿಸಿ ನಮಗಿಂತ ಚೆನ್ನಾಗಿ ವಾಸ್ತು ಕಲಿತಿದ್ದಳು. "ಈ ಮನೆಯ ಈಶಾನ್ಯದಲ್ಲಿ ಟಾಯ್ಲೆಟ್ಟಿದೆ, ನಿಮಗಾಗದು. ಬರಲೇಬೇಡಿ" ಎಂದು ಫೋನಿನಲ್ಲೇ ತಡೆಯುವಳು. ಕೊನೆಗೆ ಮೂಲೆಯ ಸೈಟಿನ ಈ ಮನೆ ಸಿಕ್ಕಿತು. ಮುಂಬಾಗಿಲು ಅಪ್ಪಟ ಪೂರ್ವ. ಹಳೆಯ ಕಾಲದ ಭದ್ರ ಬೀಗ. ಒಳಗಿನಿಂದಲೂ ಬೀಗದ ಕೈ ಹಾಕಿಯೇ ತೆಗೆಯಬೇಕು. ಕಾರು ನಿಲ್ಲಿಸುವ ಗರಾಜು ಮಾತ್ರ ಪಕ್ಕದ ರಸ್ತೆಗೆ ತೆರೆದುಕೊಳ್ಳುತ್ತಿತ್ತು. ಗರಾಜಿನ ದಿಕ್ಕು ಯಾವುದು ಎಂದು ಯಾರೂ ಕೇಳಲಿಲ್ಲ. ಶಾಸ್ತ್ರದಲ್ಲಿ ಗರಾಜಿನ ಮಾತು ಇಲ್ಲವಲ್ಲ.

ಮಾವಿನೆಲೆ ಸಿಗದೆ ಪ್ಲಾಸ್ಟಿಕ್ ತೋರಣ ಕಟ್ಟಿ, ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿ, ಬಲಗಾಲಿಟ್ಟು ಗೃಹಪ್ರವೇಶ ಮಾಡಿದೆವು. ಮುಂಬಾಗಿಲಿಂದ ನಾವು ಒಳಗೆ ಬಂದದ್ದು ಅದೇ ಮೊದಲು, ಹೆಚ್ಚುಕಡಿಮೆ ಅದೇ ಕೊನೆ.

ಈ ದೇಶದಲ್ಲಿ ಮನುಷ್ಯರು ಮನೆಗೆ ಬರುವುದಿಲ್ಲ, ಕಾರುಗಳು ಬರುತ್ತವೆ. ಕಾರು ಗರಾಜಿಗೆ ಬರುತ್ತದೆ, ಅದರ ಹೊಟ್ಟೆಯಿಂದ ನಾವು ಇಳಿಯುತ್ತೇವೆ, ಹಿಂದೆ ಬಾಗಿಲು ಗರಗರ ಇಳಿದು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಕಸದ ತೊಟ್ಟಿ, ಅಕ್ಕಿ ಮೂಟೆ, ಹುಲ್ಲು ಕತ್ತರಿಸುವ ಯಂತ್ರ, ಪೇಪರ್ ಟವೆಲ್ಲಿನ ಗೋಪುರ, ಚಪ್ಪಲಿಗಳ ಜಾತ್ರೆ, ಇವನ್ನೆಲ್ಲ ದಾಟಿ ಬಟ್ಟೆ ಒಗೆಯುವ ಯಂತ್ರದ ಪಕ್ಕದಿಂದ ಅಡಿಗೆಮನೆಗೆ ಪ್ರವೇಶ. ಅತಿಥಿಗಳಿಗೂ ಇದೇ ದಾರಿ. "ಗರಾಜ್ ಓಪನ್ ಮಾಡಿದೀನಿ, ಹಾಗೇ ಬಂದ್ಬಿಡಿ" ಎನ್ನುವುದೇ ನಮ್ಮವರ ಸ್ವಾಗತಗೀತೆ. ಮೊದಲ ವರ್ಷದ ವರಮಹಾಲಕ್ಷ್ಮಿಗೆ ನಾನು ಹಟ ಹಿಡಿದು ಮುಂಬಾಗಿಲು ತೆರೆದಿಟ್ಟೆ. ಸೊಳ್ಳೆ ಬಂದವು. ಎರಡನೆಯ ವರ್ಷ ಮುತ್ತೈದೆಯರೆಲ್ಲ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಸದ ತೊಟ್ಟಿಯ ಪಕ್ಕದಿಂದ ಬಂದರು. ಅವರ ಹಿಂದೆಯೇ ಲಕ್ಷ್ಮಿಯೂ ಬಂದಿರಬೇಕು. ಪಾಪ, ಅವಳಿಗೂ ಬೇರೆ ದಾರಿ ಎಲ್ಲಿದೆ?

ಹಾಗೆಂದು ಮುಂಬಾಗಿಲಿನ ವೈಭವಕ್ಕೇನೂ ಕೊರತೆಯಿಲ್ಲ. ನಮ್ಮ ಬಡಾವಣೆಯಲ್ಲಿ ನಮ್ಮವರ ಮನೆ ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ಹಿತ್ತಾಳೆಯ ಗಣಪ, ನೀರು ತುಂಬದ ಉರುಳಿ ಪಾತ್ರೆ, ಯಾರೂ ಕಾಲೊರೆಸದ ಕಾಲೊರಸು, ಯಾವತ್ತೂ ಅಳಿಸದ ಸ್ಟಿಕ್ಕರಿನ ರಂಗೋಲಿ. ನಮ್ಮ ಪರಿಚಯದ ಮಾಲಾ ಇಲ್ಲಿ ಬಹಳ ವರ್ಷದಿಂದ ಇರುವವರು, ನನಗೆ ಅಮೆರಿಕದ ಗುರು. "ರಂಗೋಲಿ ಪುಡೀಲಿ ಯಾಕ್ರೀ ಕಷ್ಟ ಪಡ್ತೀರಾ? ಸ್ಟಿಕ್ಕರ್ ಹಾಕ್ಬಿಡಿ, ಲೈಫ್‌ಟೈಮ್ ವ್ಯಾರಂಟಿ" ಎಂದು ನನ್ನನ್ನು ತಿದ್ದಿದರು. ಒಂದು ಸಲ ಅವರ ಮುಂಬಾಗಿಲ ಗಣಪತಿಯ ಸೊಂಡಿಲಲ್ಲಿ ಯಾವುದೋ ಹಕ್ಕಿ ಗೂಡು ಕಟ್ಟಿ ಮೊಟ್ಟೆಯಿಟ್ಟು ಮರಿ ಮಾಡಿ ಹಾರಿಸಿಕೊಂಡು ಹೋದದ್ದು ಅವರಿಗೆ ತಿಳಿದದ್ದು ನಾನು ಹೇಳಿದ ಮೇಲೆ.

ಇನ್ನು ಯಾರಾದರೂ ಅಪ್ಪಿತಪ್ಪಿ ಮುಂಬಾಗಿಲ ಗಂಟೆ ಒತ್ತಿದರೋ, ನಮ್ಮ ಮನೆಯ ದೃಶ್ಯವನ್ನು ನೀವು ನೋಡಬೇಕು. ಮೂವರೂ ಇದ್ದಲ್ಲೇ ಕಲ್ಲಾಗುತ್ತೇವೆ. ಟೀವಿಯ ಸದ್ದು ಇಳಿಯುತ್ತದೆ. ಇವರು ಸೋಫಾದ ಹಿಂದೆ ಬಗ್ಗುತ್ತಾರೆ. ಮಗಳು ಅನಘಾ ಗಂಟೆಯೊಳಗಿನ ಕ್ಯಾಮೆರಾವನ್ನು ಫೋನಿನಲ್ಲಿ ನೋಡಿ ಪಿಸುಗುಡುತ್ತಾಳೆ, "ಅಮ್ಮಾ, ಡೋಂಟ್ ಓಪನ್, ಯಾರೋ ಇದಾರೆ." ಬೀಗವೇ ಇಲ್ಲದ ಮನೆಯಲ್ಲಿ ಬೆಳೆದ ನಾನು, ನನ್ನದೇ ಮನೆಯಲ್ಲಿ ಒಗ್ಗರಣೆ ಸೌಟನ್ನು ಸದ್ದಾಗದಂತೆ ಹಿಡಿದು ಕಳ್ಳಿಯಂತೆ ಉಸಿರು ಕಟ್ಟಿ ನಿಲ್ಲುತ್ತಿದ್ದೆ.

ಮಿಸ್ ಲಿಂಡಾ ಬಂದ ದಿನವೂ ಹೀಗೇ ಆಯಿತು.

ಎದುರುಮನೆಯ ಆಕೆಗೆ ಎಪ್ಪತ್ತರ ಮೇಲೆ. ಮದುವೆಯಾಗಿ, ಗಂಡ ಹ್ಯಾರಲ್ಡ್ ತೀರಿಕೊಂಡು ವರ್ಷಗಳಾಗಿದ್ದರೂ ಮಿಸ್ಸೇ. ಈ ಕಡೆ ಹಿರಿಯ ಹೆಂಗಸರನ್ನು ಹಾಗೆ ಕರೆಯುವುದು ಮರ್ಯಾದೆ, ನಮ್ಮ ಕಡೆ ಹೆಸರಿನ ಕೊನೆಗೆ ಅಮ್ಮ ಸೇರಿಸಿದ ಹಾಗೆ. ನನ್ನ ಮನಸ್ಸಿನಲ್ಲಿ ಅವರು ಲಿಂಡಮ್ಮ. ನಾವು ಮನೆಗೆ ಬಂದ ವಾರವೇ ಅವರು ಕೇಕು ಮಾಡಿಕೊಂಡು, ಮಂಡಿನೋವಿನ ಕಾಲಲ್ಲಿ ರಸ್ತೆ ದಾಟಿ ನಮ್ಮ ಪೂರ್ವದ ಮುಂಬಾಗಿಲಿಗೆ ಬಂದು ಗಂಟೆ ಒತ್ತಿದ್ದರು. ನಾವು ಕಲ್ಲಾದೆವು. ಅವರು ಮತ್ತೊಮ್ಮೆ ಒತ್ತಿದರು. ನಾವು ಮತ್ತಷ್ಟು ಕಲ್ಲಾದೆವು. ಕೇಕನ್ನು ಹೊಸಿಲ ಮೇಲಿಟ್ಟು ಹೋದರು. ನಾವು ಗರಾಜಿನಿಂದಲೇ ಓಡಾಡುತ್ತಿದ್ದುದರಿಂದ ಅದನ್ನು ಕಂಡದ್ದು ಎರಡು ದಿನದ ಮೇಲೆ. ಅಷ್ಟರಲ್ಲಿ ಇರುವೆಗಳು ಬಲಗಾಲಿಟ್ಟು ಪ್ರವೇಶ ಮಾಡಿಯಾಗಿತ್ತು.

ಆವತ್ತು ಅಮ್ಮನ ಮಾತು ನೆನಪಾಯಿತು. ಈ ಹೆಂಗಸನ್ನು ಒಂದು ದಿನ ಇದೇ ಬಾಗಿಲಿಂದ ಕರೆದು, ಕೂರಿಸಿ, ಕಾಫಿ ಕೊಟ್ಟೇ ಕೊಡುತ್ತೇನೆ ಎಂದು ಅಂದುಕೊಂಡೆ. ಅಂದುಕೊಂಡದ್ದನ್ನು ಮಾಡಲು ನನಗೆ ಮೂರು ವರ್ಷವೂ ಸಾಲಲಿಲ್ಲ. ಏಕೆಂದರೆ ಸ್ನೇಹ ಬೆಳೆದದ್ದು ಬೇರೆ ಬಾಗಿಲಿನಲ್ಲಿ.

ಕಸದ ಗಾಡಿ ಬರುವ ಬೆಳಿಗ್ಗೆ ಇಬ್ಬರೂ ತೊಟ್ಟಿ ತಳ್ಳಿಕೊಂಡು ಬರುವಾಗ ಮಾತು ಶುರುವಾಯಿತು. ಆಮೇಲೊಂದು ದಿನ, "ಬಾ ಹನಿ, ಬಿಸಿ ಇದೆ" ಎಂದು ಅವರು ಕರೆದು ಬೋಗುಣಿ ಮುಂದಿಟ್ಟರು. ಹನಿ ಎಂದರೆ ಜೇನು, ಅವರ ಬಾಯಲ್ಲಿ ಅದು ನಮ್ಮ 'ಕಂದಾ' ಇದ್ದ ಹಾಗೆ. ನೋಡಿದರೆ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ! ಅಮೆರಿಕಕ್ಕೆ ಬಂದ ಮೇಲೆ ನನಗೆ ಮೊದಲ ಸಲ ಅಳು ಬಂದದ್ದು ಆ ಬೋಗುಣಿಯ ಮುಂದೆ. ಅವರಿಗೆ ಅದು ಈ ಕೆರೊಲಿನಾ ಸೀಮೆಯ ತಿಂಡಿ, ನನಗದು ಮೈಸೂರಿನದು. ಇಬ್ಬರೂ ಸಿಪ್ಪೆ ಬಿಡಿಸುವ ಶೈಲಿ ಮಾತ್ರ ಒಂದೇ, ಹಲ್ಲಿನಿಂದ. ಅಂದಿನಿಂದ ಅವರ ಹಿತ್ತಲ ಅಡಿಗೆಮನೆ ಬಾಗಿಲು ನನಗೆ ರೂಢಿಯಾಯಿತು. "ಮುಂಬಾಗಿಲು ಪಾದ್ರಿಗೆ, ಪೊಲೀಸಿಗೆ. ಬೇಕಾದವರು ಹಿಂದಿನಿಂದ ಬರ್ತಾರೆ" ಎನ್ನುತ್ತಿದ್ದರು. ನಾವು ರಜೆಗೆ ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕಿನಲ್ಲಿರುವ ನಾದಿನಿಯ ಮನೆಗೆ ಹೋದಾಗ ಗರಾಜಿನ ಬಾಗಿಲು ತೆರೆಯಲು ಹೊರಗಿನಿಂದ ಒತ್ತುವ ನಂಬರು ಅವರಿಗೆ ಕೊಟ್ಟೆ. ನನ್ನ ಕರಿಬೇವಿನ ಗಿಡಕ್ಕೆ ದಿನಾ ಬಂದು ನೀರೆರೆದು, ಅದರ ಹತ್ತಿರ ಮಾತೂ ಆಡಿ ಹೋಗುತ್ತಿದ್ದರಂತೆ. ಅದೇ ಪ್ರಯಾಣಕ್ಕೆ ಹೊರಡುವ ಗಡಿಬಿಡಿಯಲ್ಲೇ, ಭದ್ರವಾಗಿರಲಿ ಎಂದು, ನಾನು ಮುಂಬಾಗಿಲ ಬೀಗದ ಕೈಯನ್ನು ಇಂಗಿನ ಡಬ್ಬಿಯಲ್ಲಿಟ್ಟದ್ದು. ಭದ್ರವಾಗಿಯೇ ಇತ್ತು.

ಹೋದ ವರ್ಷ ಬೇಸಿಗೆಯಲ್ಲಿ ಲಿಂಡಮ್ಮನ ಅಂಗಳದಲ್ಲಿ 'ಮಾರಾಟಕ್ಕಿದೆ' ಎಂಬ ಫಲಕ ಎದ್ದಿತು. ಮಂಡಿ ಮೆಟ್ಟಿಲು ಹತ್ತಲು ಬಿಡುತ್ತಿಲ್ಲ. ಆಶ್‌ವಿಲ್ ಕಡೆ ಗುಡ್ಡದ ಮೇಲೆ ತಂಗಿಯದು ಮೆಟ್ಟಿಲಿಲ್ಲದ ಮನೆ, ಚಳಿಗಾಲದೊಳಗೆ ಅಲ್ಲಿಗೆ ಸೇರಬೇಕು, ಇದು ಮಾರದೆ ಹೋಗುವಂತಿಲ್ಲ ಎಂದರು. ನನಗೆ ಊಟ ರುಚಿಸಲಿಲ್ಲ.

ಆದರೆ ನನ್ನ ನೆರವಿಗೆ ನಮ್ಮವರೇ ಬಂದರು. ಶನಿವಾರ ಭಾನುವಾರ ಆಯಿತೆಂದರೆ ಒಂದಾದ ಮೇಲೊಂದು ಜೋಡಿ. ಕಾರಿನಿಂದ ಇಳಿಯುವರು, ಅಂಗೈ ಮೇಲೆ ಫೋನು ಇಡುವರು, ಒಂದು ಸುತ್ತು ತಿರುಗುವರು, ಮುಖ ಹುಳ್ಳಗೆ ಮಾಡಿಕೊಂಡು ಕಾರು ಹತ್ತುವರು. ನಮ್ಮದು ಪೂರ್ವವಾದರೆ ಎದುರುಮನೆ ಪಶ್ಚಿಮವಲ್ಲದೆ ಇನ್ನೇನು? ನಾನು ಅಡಿಗೆಮನೆ ಕಿಟಕಿಯಿಂದ ನೋಡುತ್ತ ಸಂತೋಷಪಡುತ್ತಿದ್ದೆ. ಜೀವಮಾನದಲ್ಲಿ ಮೊದಲ ಬಾರಿಗೆ ನನಗೆ ವಾಸ್ತುಶಾಸ್ತ್ರದ ಮೇಲೆ ಭಕ್ತಿ ಹುಟ್ಟಿತು.

ಲಿಂಡಮ್ಮನಿಗೆ ಇದೇನೂ ತಿಳಿಯದು. ಮೊದಲು ಅಡಿಗೆಮನೆಗೆ ಬಣ್ಣ ಹೊಡೆಸಿದರು. ಜನ ತಿರುಗಿ ಹೋದರು. ಹ್ಯಾರಲ್ಡ್ ಬೇಟೆಯಾಡಿದ ಜಿಂಕೆಯ ತಲೆಯನ್ನು ಗೋಡೆಯಿಂದ ಇಳಿಸಿದರು. ಆಮೇಲೆ ಅವನು ಕೂರುತ್ತಿದ್ದ ತೂಗುಕುರ್ಚಿಯನ್ನೂ ಯಾರಿಗೋ ಕೊಟ್ಟುಬಿಟ್ಟರು. ಜನ ತಿರುಗಿ ಹೋಗುವುದು ನಿಲ್ಲಲಿಲ್ಲ. ಒಂದು ಸಂಜೆ ಅವರ ಮುಂದಿನ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದಾಗ ತಲೆ ತಗ್ಗಿಸಿ ಕೇಳಿದರು. ಅವರ ಎಳೆದೆಳೆದು ಮಾತಾಡುವ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ನಿಜ ಹೇಳು ಹನಿ. ನನ್ನ ಮನೇಲಿ ಮುದುಕಿ ವಾಸನೆ ಬರುತ್ತಾ? ನಿಮ್ಮೋರು ಬಾಗಿಲವರೆಗೂ ಬರ್ತಾರೆ. ಒಳಗೆ ಮಾತ್ರ ಕಾಲಿಡಲ್ಲ."

ಕಿಟಕಿಯಲ್ಲಿ ನಿಂತು ಸಂತೋಷಪಡುತ್ತಿದ್ದ ನನ್ನ ಮುಖವನ್ನು ಯಾರೋ ಕನ್ನಡಿಯಲ್ಲಿ ಹಿಡಿದು ತೋರಿಸಿದಂತಾಯಿತು. ಹೇಳಿಬಿಟ್ಟೆ. ಮನೆಯ ತಪ್ಪಲ್ಲ, ನಿಮ್ಮ ತಪ್ಪಲ್ಲ, ಬಾಗಿಲು ಪಶ್ಚಿಮಕ್ಕಿದೆ, ನಮ್ಮವರಿಗೆ ಪೂರ್ವದಿಂದಲೇ ದೇವರು ಬರಬೇಕು ಎಂದು, ಇದ್ದಬದ್ದ ಇಂಗ್ಲಿಷಿನಲ್ಲಿ ಇಡೀ ಶಾಸ್ತ್ರ ಬಿಡಿಸಿ ಇಟ್ಟೆ.

ಲಿಂಡಮ್ಮ ಎದುರಿಗಿದ್ದ ನಮ್ಮ ಮನೆಯತ್ತ ಬೆರಳು ತೋರಿಸಿದರು.

"ಅಂದ್ರೆ ನಿಮ್ಮ ಆ ಬಾಗಿಲು ಪೂರ್ವ."

"ಹೌದು."

"ಅದಕ್ಕೇ ಆ ಮನೆ ತಗೊಂಡ್ರಿ."

"ಹೌದು."

"ಅದನ್ನ ನೀವು ತೆಗೆದಿದ್ದು ನಾನು ಒಂದು ದಿನಾನೂ ನೋಡಿಲ್ವಲ್ಲ, ಹನಿ?"

ನಾನು ಕಡಲೆಕಾಯಿ ಸಿಪ್ಪೆಯನ್ನು ಗುಡ್ಡೆ ಮಾಡತೊಡಗಿದೆ. "ಹಾಗಾದ್ರೆ ದೇವರು ಪಾಪ ಅಲ್ಲಿ ಗಂಟೆ ಒತ್ತುತಾ ನಿಂತಿರ್ತಾನೆ, ನೀವು ಇಲ್ಲಿ ಗರಾಜಿನಿಂದ ಈರುಳ್ಳಿ ಇಳಿಸ್ಕೋತಿರ್ತೀರಾ!" ಎಂದು ಅವರು ನಗಲು ಶುರು ಮಾಡಿದರು. ಮಂಡಿ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಇವರಿಗೆ ಹೇಳಿದರೆ ಇವರು ಮಾತ್ರ ನಗಲಿಲ್ಲ. "ಅವರಿಗೇನ್ ಗೊತ್ತು ನಮ್ ಕಲ್ಚರ್?" ಎಂದು ಚಪ್ಪಲಿ ಹಾಕಿಕೊಂಡು ಗರಾಜಿನಿಂದ ವಾಕಿಂಗ್ ಹೊರಟರು.

ಮುಂದಿನ ಶನಿವಾರ ಎಳೆಯ ಜೋಡಿಯೊಂದು ಬಂತು. ಹುಡುಗ ಪ್ರಜ್ವಲ್, ಹುಡುಗಿ ನಿಶ್ಚಿತಾ, ಬೆಂಗಳೂರಿನವರು. ಎಂದಿನಂತೆ ಫೋನು, ಎಂದಿನಂತೆ ಪ್ರದಕ್ಷಿಣೆ. ನಾನು ಹೊರಗೆ ಕಸದ ತೊಟ್ಟಿ ತೊಳೆಯುವ ನೆಪದಲ್ಲಿ ನಿಂತಿದ್ದೆ.

"ಹಲೋ ಆಂಟಿ! ತೋರಣ ನೋಡಿ ನಮ್ಮೋರೇ ಅಂದ್ಕೊಂಡೆ" ಎಂದ ಹುಡುಗ.

"ಹೂಂನಪ್ಪಾ. ಮನೆ ನೋಡಿದ್ರಾ?"

"ಲೊಕೇಶನ್ ಸೂಪರ್ ಆಂಟಿ. ಬಟ್ ವೆಸ್ಟ್ ಫೇಸಿಂಗ್. ಅಮ್ಮ ಒಪ್ಪಲ್ಲ."

"ಒಳಗ್ ಹೋಗಿ ನೋಡಿದ್ರಾ ಅಂದೆ."

"ಡೋರೇ ಸರಿ ಇಲ್ಲ ಅಂದ್ಮೇಲೆ ಒಳಗೇನ್ ನೋಡೋದು ಆಂಟಿ?" ಎಂದಳು ಹುಡುಗಿ. "ನಿಮ್ದು ಈಸ್ಟ್ ಅಲ್ವಾ? ಲಕ್ಕಿ ನೀವು."

"ಬನ್ನಿ, ಲಕ್ಕಿ ಮನೇಲಿ ಒಂದ್ ಲೋಟ ಕಾಫಿ ಕುಡೀರಿ."

ಗರಾಜಿನಿಂದಲೇ ಕರೆದುಕೊಂಡು ಹೋದೆ. ಅವರೂ ಯಾವ ಅನುಮಾನವಿಲ್ಲದೆ ಅಕ್ಕಿ ಮೂಟೆಯ ಪಕ್ಕದಲ್ಲಿ ಶೂ ಬಿಚ್ಚಿ ಹಿಂಬಾಲಿಸಿದರು. ಒಳಬಾಗಿಲಿಗೆ ಬಂದಾಗ ನಿಲ್ಲಿಸಿದೆ. "ಈಗ ತೆಗೀಪ್ಪಾ ನಿನ್ನ ಫೋನು. ಯಾವ ದಿಕ್ಕಿಂದ ಬಂದ್ರಿ ನೋಡು."

ಹುಡುಗ ನೋಡಿದ. ಮತ್ತೊಮ್ಮೆ ಅಲ್ಲಾಡಿಸಿ ನೋಡಿದ. "ಆಂಟಿ... ಇದು ಸೌತ್!" ಹುಡುಗಿ ಒಳಗಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಹೂಂ. ಯಮಧರ್ಮರಾಯನ ದಿಕ್ಕು. ಬಂದಾಗಿಂದ ಹಾಲು, ಮೊಸರು, ದೇವರ ಹೂವು ಎಲ್ಲಾ ಅವನ ಬಾಗಿಲಿಂದಾನೇ ತರ್ತಿದೀವಿ. ಏನೂ ಆಗಿಲ್ಲ. ಮಗಳ ಗ್ರೇಡ್ಸ್ ಸ್ವಲ್ಪ ಬಿದ್ದಿದೆ, ಅದು ಫೋನಿಂದ. ಬಾಮ್ಮಾ ಒಳಗೆ, ಕಾಫಿ ಆರೋಗುತ್ತೆ."

ಕಾಫಿ ಕುಡಿದ ಮೇಲೆ ಇಬ್ಬರನ್ನೂ ಕರೆದುಕೊಂಡು ಹೋಗಿ ಲಿಂಡಮ್ಮನ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದೆ. ಎದುರಿಗೆ ಓಕ್ ಮರ, ಅದರಾಚೆ ಬಯಲು. ಹೊಸಿಲು ಸವೆದು ನಡುವೆ ಹಳ್ಳವಾಗಿತ್ತು. ಅಷ್ಟು ಜನ ಬಂದು ಹೋದ ಹೊಸಿಲು ಅದು. ದಿಕ್ಸೂಚಿಯ ಮುಳ್ಳು ಅಪ್ಪಟ ಪೂರ್ವ ತೋರಿಸಿತು. ಹುಡುಗ ಅಲ್ಲಿಂದಲೇ ರಾಜಾಜಿನಗರಕ್ಕೆ ವಿಡಿಯೋ ಕಾಲ್ ಮಾಡಿ ತಾಯಿಗೆ ತೋರಿಸಿದ. ಆಕೆ ಫೋನನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಲು ಹೇಳಿದರು. ಅಷ್ಟು ಹೊತ್ತಿಗೆ ಮನೆಯ ಬೆಲೆಯೂ ಸ್ವಲ್ಪ ಇಳಿದಿತ್ತು. ಬೆಲೆ ಇಳಿದರೆ ದಿಕ್ಕೂ ಸ್ವಲ್ಪ ತಿರುಗುತ್ತದೆ. "ಆ ಬಾಗಿಲಿಗೇ ಅರಿಶಿನ ಕುಂಕುಮ ಹಚ್ಚಿ, ಅದೇ ಮುಂಬಾಗಿಲು ಅಂದ್ಬಿಡಿ. ಮುಂದಿಂದು ಹಿಂಬಾಗಿಲು ಅಂತಾಯ್ತು" ಎಂದು ತೀರ್ಪು ಬಂತು. ಇಷ್ಟು ಸುಲಭದಲ್ಲಿ ಮನೆಯನ್ನು ತಿರುಗಿಸಬಹುದೆಂದು ಗೊತ್ತಿದ್ದರೆ ಲಿಂಡಮ್ಮ ತೂಗುಕುರ್ಚಿ ಉಳಿಸಿಕೊಳ್ಳುತ್ತಿದ್ದರು.

ಹೀಗೆ, ಹೋಗಬಾರದು ಎಂದು ನಾನು ಬಯಸಿದವರನ್ನು ನಾನೇ ಕೈಯಾರೆ ಕಳಿಸಿಕೊಟ್ಟೆ.

ಹೊರಡುವ ಹಿಂದಿನ ದಿನ ಲಿಂಡಮ್ಮನನ್ನು ಕಾಫಿಗೆ ಕರೆದೆ. "ಮುಂಬಾಗಿಲಿಂದಲೇ ಬರಬೇಕು" ಎಂದು ಒತ್ತಿ ಹೇಳಿದೆ. ಬೆಳಿಗ್ಗೆ ಎದ್ದು ಗರಾಜಿನಿಂದ ಸುತ್ತು ಹಾಕಿ ಹೋಗಿ, ಸ್ಟಿಕ್ಕರ್ ಕೆರೆದು ತೆಗೆದು, ಪುಡಿಯಲ್ಲಿ ರಂಗೋಲಿ ಎಳೆದೆ. ಜೇಡರ ಬಲೆ ತೆಗೆದೆ. ತಟ್ಟೆಯಲ್ಲಿ ಅರಿಶಿನ ಕುಂಕುಮ, ಬಳೆ, ಒಂದು ರೇಷ್ಮೆ ವಸ್ತ್ರ ಇಟ್ಟೆ. ಚಕ್ಕುಲಿ, ಕೋಡುಬಳೆ, ಕೆನೆಹಾಲಿನ ಕಾಫಿ ಎಲ್ಲ ಸಿದ್ಧ. ಹತ್ತು ನಿಮಿಷ ಮೊದಲು ಬಾಗಿಲು ತೆರೆದಿಡೋಣವೆಂದು ಹೋದರೆ ಬೀಗದ ಕೈ ಇಲ್ಲ.

"ರೀ, ಮುಂಬಾಗಿಲ ಬೀಗದ ಕೈ ಎಲ್ಲಿ?"

"ನಮ್ಮನೇಲಿ ಏನು ಎಲ್ಲಿದೆ ಅಂತ ನೀನು ನನ್ನನ್ನ ಕೇಳ್ತಿದೀಯಾ?" ಎಂದರು ಇವರು. ಆ ಖುಷಿಯನ್ನು ಅವರು ಮುಚ್ಚಿಡಲಿಲ್ಲ.

ಡ್ರಾಯರುಗಳು ಉರುಳಿದವು. ದೇವರ ಪೆಟ್ಟಿಗೆ, ಔಷಧಿ ಡಬ್ಬ, ಮಗಳ ಶಾಲೆಯ ಚೀಲ ಎಲ್ಲ ಮಗುಚಿತು. ಮುಂಬಾಗಿಲ ಗಂಟೆ ಸದ್ದಾಯಿತು. ಬಾಗಿಲ ಪಕ್ಕದ ಗಾಜಿನ ಪಟ್ಟಿಯಿಂದ ನೋಡಿದೆ. ಚರ್ಚಿಗೆ ತೊಡುವ ನೀಲಿ ಗೌನು, ಮುತ್ತಿನ ಸರ, ತೋಳಲ್ಲಿ ಕೈಚೀಲ. ಕೈಯಲ್ಲಿ ಕೇಕು. ಅದೇ ಕೇಕು. ರಂಗೋಲಿ ತುಳಿಯದಂತೆ ಮಂಡಿ ಓರೆ ಮಾಡಿ ಅಂಚಿನಲ್ಲಿ ನಿಂತಿದ್ದರು. ಗಾಜಿನ ಈಚೆಯಿಂದ ನಾನು ಕೈಸನ್ನೆ ಮಾಡಿದೆ. ಆಚೆಯಿಂದ ಅವರೂ ಮಾಡಿದರು. ಅನಘಾ ಫೋನಿನಿಂದ ಗಂಟೆಯೊಳಗೆ ಕೂಗಿದಳು, "ಒನ್ ಮಿನಿಟ್, ಮಿಸ್ ಲಿಂಡಾ! ಅಮ್ಮ ಲಾಸ್ಟ್ ದ ಕೀ!" ಅವರು ಗಂಟೆಗೆ ಬಗ್ಗಿ, "ಪರವಾಗಿಲ್ಲ ಹನಿ" ಎಂದರು. ಇವರು ಚಾಕುವಿನ ತುದಿಯನ್ನು ಬೀಗಕ್ಕೆ ತೂರಿಸಿ ತುದಿಯನ್ನು ಅಲ್ಲೇ ಮುರಿದರು. ಮಾರುದ್ದ ದೂರದಲ್ಲಿ ಹೊಸಿಲಿಗೆ ಬಂದವರನ್ನು ನಾನು ಮತ್ತೆ ಹೊಸಿಲಲ್ಲೇ ನಿಲ್ಲಿಸಿದ್ದೆ. ಗಾಜಿನಾಚೆ ಅವರು ಇದ್ದಕ್ಕಿದ್ದಂತೆ ಕೇಕು ಎತ್ತಿಕೊಂಡು ತಿರುಗಿ ಹೊರಟೇಬಿಟ್ಟರು.

ಆಗ ಮನೆ ನಡುಗಿಸುತ್ತ ಗರಾಜಿನ ಬಾಗಿಲು ಗರಗರ ಏಳುವ ಸದ್ದು ಕೇಳಿತು.

ಓಡಿದೆ. ಅಕ್ಕಿ ಮೂಟೆಗೆ ಕೈಯೂರಿ, ಚಪ್ಪಲಿ ರಾಶಿ ದಾಟಿಕೊಂಡು, ಮುತ್ತಿನ ಸರದ ಲಿಂಡಮ್ಮ ಬರುತ್ತಿದ್ದರು. ನನ್ನ ಮುಖ ನೋಡಿ, "ಮೊದಲನೇ ಸಲ ಕೇಕು ಹೊರಗಿಟ್ಟು ಹೋದೆ. ಈ ಸಲ ಇರುವೆಗೆ ಕೊಡೋಳಲ್ಲ ನಾನು" ಎಂದರು. ತೊಳೆಯುವ ಯಂತ್ರದ ಪಕ್ಕದಲ್ಲೇ ನಿಲ್ಲಿಸಿ ಕುಂಕುಮ ಹಚ್ಚಿದೆ. ಶಾಸ್ತ್ರಕ್ಕೆ ಅಡ್ಡಿಯೇನೋ ತಿಳಿಯದು, ಆಕೆಗೆ ಗಂಡನಿಲ್ಲ, ನನ್ನ ಬಾಗಿಲಿಗೆ ಬೀಗದ ಕೈಯಿಲ್ಲ.

ಈಗ ಎದುರುಮನೆಯ ಹಿತ್ತಲ ಬಾಗಿಲಿಗೆ ಹಿತ್ತಾಳೆ ಗಂಟೆ, ತೋರಣ, ಸ್ಟಿಕ್ಕರ್ ರಂಗೋಲಿ ಎಲ್ಲ ಬಂದಿದೆ. ಪ್ರಜ್ವಲ್ ನಿಶ್ಚಿತಾ ಇಬ್ಬರೂ ಗರಾಜಿನಿಂದಲೇ ಓಡಾಡುತ್ತಾರೆ. ಅದು ಯಾವ ದಿಕ್ಕೋ, ನಾನು ನೋಡಲು ಹೋಗಿಲ್ಲ.

ಮೊನ್ನೆ ಬೀಗದ ಕೈ ಸಿಕ್ಕ ತಕ್ಷಣ, ಕರಕಲು ಒಗ್ಗರಣೆಯನ್ನು ಹಾಗೇ ಬಿಟ್ಟು ಆಶ್‌ವಿಲ್‌ಗೆ ಫೋನು ಮಾಡಿದೆ. ಬೀಗ ಕಳಚಿ ಆ ಚಾಕುವಿನ ಚೂರು ತೆಗೆಸುತ್ತೇನೆ, ದೀಪಾವಳಿಗೆ ಬನ್ನಿ, ಈ ಸಲ ಮುಂಬಾಗಿಲು ತೆರೆದಿಟ್ಟು ಕಾಯುತ್ತೇನೆ ಎಂದೆ.

"ಬರ್ತೀನಿ, ತಂಗೀನೂ ಕರ್ಕೊಂಡ್ ಬರ್ತೀನಿ" ಎಂದರು ಲಿಂಡಮ್ಮ. "ಆದ್ರೆ ಬೀಗದ ಕೈ ಕಟ್ಕೊಂಡು ನಾನೇನ್ ಮಾಡ್ಲಿ ಹನಿ? ಗರಾಜಿನ ನಂಬರು ಅದೇ ಇದೆ ತಾನೆ?"

"ಅದೇ ಇದೆ" ಎಂದೆ.

ಬೀಗದ ಕೈಯನ್ನು ಮತ್ತೆ ಕಳೆಯದ ಹಾಗೆ, ದಿನಾ ಬರುವವರು ಹೋಗುವವರು ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಒಂದು ಮೊಳೆ ಹೊಡೆದು ನೇತುಹಾಕಿದ್ದೇನೆ. ಗರಾಜಿನಲ್ಲಿ.